ಎರಡು ಮದ್ದು, ಒಂದೇ ಪದ

ಪುಣೆ ಹೊರವಲಯದ ದೇಹೂ ರೋಡ್‌ನಲ್ಲಿ ಸೇನೆಯ ಮದ್ದುಗುಂಡಿನ ಉಗ್ರಾಣವಿದೆ, ರಕ್ಷಣಾ ಕಾರ್ಖಾನೆಯೂ ಇದೆ. ಮದ್ದುಗುಂಡಿಗೆ ಅಲ್ಲಿನ ಮರಾಠಿಯಲ್ಲಿ ದಾರೂಗೋಳಾ ಎನ್ನುತ್ತಾರೆ. ದಾರೂ ಎಂದರೆ ಹೆಂಡವೂ ಹೌದು, ಸಿಡಿಮದ್ದೂ ಹೌದು. ಕನ್ನಡದ ಮದ್ದು ಕಾಯಿಲೆಗೂ ಆಗುತ್ತದೆ, ಕೋವಿಗೂ ಆಗುತ್ತದೆ. ಆಡುಮಾತಿನಲ್ಲಿ ಇದರಿಂದ ಗೊಂದಲವಿಲ್ಲ. ಸುದ್ದಿ ಬರೆಯುವಾಗ ತೊಡಕು.

ಫಿರಂಗಿಯಿಂದ ಶೆಲ್ಲನ್ನು ಹೊರದಬ್ಬುವುದು ಒಂದು ಮದ್ದು. ಗುರಿಯಲ್ಲಿ ಅದನ್ನು ಸಿಡಿಸುವುದು ಇನ್ನೊಂದು. ಮೊದಲನೆಯದು ಮೇಲ್ಮೈಯಿಂದ ಪದರ ಪದರವಾಗಿ ಉರಿದು, ಹಿಗ್ಗುವ ಅನಿಲದಿಂದ ದೂಡುತ್ತದೆ. ಎರಡನೆಯದರೊಳಗೆ ಶಬ್ದಕ್ಕಿಂತ ವೇಗದ ಆಘಾತದ ಅಲೆ ಹಾಯುತ್ತದೆ. ನಮ್ಮ ಸುದ್ದಿಗಳಲ್ಲಿ ಹೆಚ್ಚಾಗಿ ಎರಡೂ ‘ಸ್ಫೋಟಕ’. ವ್ಯತ್ಯಾಸ ಗೊತ್ತಿರುವ ಎಂಜಿನಿಯರ್ ಬರೆಯುವುದಿಲ್ಲ. ಬರೆಯುವವರಿಗೆ ವ್ಯತ್ಯಾಸ ಗೊತ್ತಿರುವುದಿಲ್ಲ.

ಎರಡೂ ಬಲ್ಲ ಒಬ್ಬರು ಕನ್ನಡಕ್ಕಿದ್ದರು: ಸುಧೀಂದ್ರ ಹಾಲ್ದೊಡ್ಡೇರಿ. ತಂದೆ ಎಚ್.ಆರ್. ನಾಗೇಶರಾವ್ ಪತ್ರಕರ್ತರು. ಮಗ ಎಂಜಿನಿಯರಿಂಗ್ ದಾರಿ ಹಿಡಿದು ಡಿಆರ್‌ಡಿಒದಲ್ಲಿ ವಿಜ್ಞಾನಿಯಾದರು, ಆದರೆ ಮನೆಯ ಕಸುಬನ್ನು ಬಿಡಲಿಲ್ಲ. ‘ವಿಜಯ ಕರ್ನಾಟಕ’ದ ‘ನೆಟ್ ನೋಟ’ದಂಥ ಅಂಕಣಗಳಲ್ಲಿ ತಂತ್ರಜ್ಞಾನವನ್ನು ಸಾಮಾನ್ಯ ಓದುಗರ ಮುಂದಿಟ್ಟರು. 2021ರಲ್ಲಿ ತೀರಿಕೊಂಡರು. ಅವರ ಜಾಗ ತುಂಬುವುದು ಯಾಕೆ ಕಷ್ಟ?

ರಕ್ಷಣಾ ಇಲಾಖೆಯವರು ಬಾಯಿಬಿಡುವಂತಿಲ್ಲ ಎಂಬ ನೆಪ ಮೊದಲು ಬರುತ್ತದೆ. ಗುಟ್ಟಿರುವುದು ವಿನ್ಯಾಸದಲ್ಲಿ, ಅಳತೆಯಲ್ಲಿ. ತತ್ವ ಕಾಲೇಜಿನ ಪಠ್ಯದಲ್ಲೇ ಇದೆ. ಗುಟ್ಟು ಕಾಯುತ್ತಲೇ ತತ್ವ ತಿಳಿಸಬಹುದೆಂಬುದಕ್ಕೆ ಹಾಲ್ದೊಡ್ಡೇರಿಯವರ ಬದುಕೇ ಸಾಕ್ಷಿ.

ಕನ್ನಡದಲ್ಲಿ ಪದಗಳಿಲ್ಲ ಎಂಬುದು ಎರಡನೆಯ ನೆಪ. ಪದ ಸಮಿತಿಯಲ್ಲಿ ಹುಟ್ಟಿದರೂ ಬದುಕುವುದು ಬಳಕೆಯಲ್ಲಿ. ದೂಡುವ ಮದ್ದು, ಸಿಡಿಯುವ ಮದ್ದು ಎಂದು ನಾಲ್ಕು ವಾರ ಬರೆದರೆ ಐದನೆಯ ವಾರ ವಿವರಣೆ ಬೇಕಾಗುವುದಿಲ್ಲ. ಅದಕ್ಕೆ ವಾರ ವಾರ ಬರೆಯುವವರು ಬೇಕು.

ನಿಜವಾದ ಕಾರಣ ಬೇರೆ: ತಂತ್ರಜ್ಞಾನದ ಪುಟವನ್ನು ಮೊಬೈಲಿನ ಬೆಲೆಪಟ್ಟಿಗೆ ಬಿಟ್ಟುಕೊಟ್ಟಿದ್ದೇವೆ. ಬೆಲೆ ಬರೆಯಲು ಎಂಜಿನಿಯರ್ ಬೇಕಿಲ್ಲವಲ್ಲ.

ದೇಹೂ ರೋಡ್‌ನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ತುಕಾರಾಮರ ದೇಹೂ. 17ನೇ ಶತಮಾನದಲ್ಲಿ ಅವರು ಪಂಡಿತರ ವಿಷಯವನ್ನು ಜನರ ಮರಾಠಿಯಲ್ಲಿ ಹಾಡಿದರು. ಇಂದ್ರಾಯಣಿಯಲ್ಲಿ ಮುಳುಗಿಸಿದ ಅವರ ಅಭಂಗಗಳು ತೇಲಿಬಂದವೆಂದು ಭಕ್ತರು ನಂಬುತ್ತಾರೆ. ಬರೆದಿದ್ದರಿಂದ ತಾನೇ ತೇಲಿಬಂದದ್ದು!

ಬೆಂಗಳೂರಿನ ಹೆದ್ದಾರಿಗೆ ಸೇರುವ ಬೈಪಾಸ್ ಇದೇ ದೇಹೂ ರೋಡ್‌ನಿಂದ ಹೊರಡುತ್ತದೆ. ಈ ದಾರಿಯುದ್ದಕ್ಕೂ ಕಾರ್ಖಾನೆ, ಪ್ರಯೋಗಾಲಯಗಳಿಂದ ನಿವೃತ್ತರಾದ ಕನ್ನಡದ ಎಂಜಿನಿಯರುಗಳಿದ್ದಾರೆ. ಸಂಪಾದಕರು ಅವರಲ್ಲೊಬ್ಬರಿಗೆ ವಾರಕ್ಕೆ ಅರ್ಧ ಪುಟ ಕೊಡಲಿ, ಭಾಷೆ ತಿದ್ದುವವರೊಬ್ಬರನ್ನು ಜೊತೆಗಿಡಲಿ, ಇಬ್ಬರಿಗೂ ಸಂಭಾವನೆ ಕೊಡಲಿ.