ತೊರೆಗೂ ಒಂದು ಲೆಕ್ಕವಿದೆ

ಜಮ್ಮು-ಕಾಶ್ಮೀರದ ಬಡ್ಗಾಮ್ ಜಿಲ್ಲೆಯಲ್ಲಿ ಶಾಲಿಗಂಗಾ ಎಂಬ ತೊರೆಯೊಂದು ಹರಿಯುತ್ತಿದೆ. ಶ್ರೀನಗರದ ಸುತ್ತ ವರ್ತುಲ ರಸ್ತೆ ನಿರ್ಮಿಸಲು ಜಲ್ಲಿ ಮತ್ತು ಮರಳು ಬೇಕಾದಾಗ ಈ ತೊರೆಯ ಒಡಲನ್ನು ಅಗೆಯಲು 2022ರಲ್ಲಿ ಪರಿಸರ ಅನುಮತಿ ನೀಡಲಾಯಿತು. ಆದರೆ ಒಂದು ಸರಳ ಪ್ರಶ್ನೆಗೆ ಅಧಿಕಾರಿಗಳ ಕಡತದಲ್ಲಿ ಉತ್ತರವಿರಲಿಲ್ಲ. ಈ ತೊರೆಯಿಂದ ನಾವು ತೆಗೆಯುವ ಜಲ್ಲಿಯನ್ನು ಅದು ಎಷ್ಟು ಕಾಲದಲ್ಲಿ ಮರಳಿ ತುಂಬಿಕೊಳ್ಳಬಲ್ಲುದು? ಸಾಮಾಜಿಕ ಕಾರ್ಯಕರ್ತ ರಾಜಾ ಮುಝಫ್ಫರ್ ಭಟ್ ಈ ಅನುಮತಿಯನ್ನು ಪ್ರಶ್ನಿಸಿದರು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಮರ ಕಡಿಯುವ ಮುನ್ನ ಕಾಡು ಬೆಳೆಯುವ ವೇಗವನ್ನು ಅಳೆಯುವಂತೆ, ಮರಳು ತೆಗೆಯುವ ಮುನ್ನ ನದಿಯ ಮರುಪೂರಣವನ್ನು ಅಳೆಯಲೇಬೇಕು ಎಂಬುದು ಆ ತೀರ್ಪಿನ ತಿರುಳು.

ಕಾಶ್ಮೀರದ ತೊರೆಯೊಂದರ ವ್ಯಾಜ್ಯ ನಮಗೇಕೆ ಎಂದು ಯಾರಾದರೂ ಕೇಳಿದರೆ, ಅವರು ನೇತ್ರಾವತಿಯ ಅಥವಾ ಫಲ್ಗುಣಿಯ ದಂಡೆಯಲ್ಲಿ ಒಮ್ಮೆ ನಡೆದುಬರಲಿ ಎಂದಷ್ಟೇ ನಾವು ಹೇಳಬಲ್ಲೆವು. ಸುಪ್ರೀಂ ಕೋರ್ಟ್‌ನ ಆ ತೀರ್ಪು ಬಡ್ಗಾಮ್‌ಗೆ ಮಾತ್ರ ಸೀಮಿತವಲ್ಲ. ಮರಳುಗಾರಿಕೆಗೆ ಅನುಮತಿ ನೀಡುವ ಪ್ರತಿಯೊಂದು ಜಿಲ್ಲೆಗೂ ಅದು ಅನ್ವಯಿಸುತ್ತದೆ.

ನದಿಯ ತಳದಲ್ಲಿರುವ ಮರಳು ಮತ್ತು ಜಲ್ಲಿ ಸುಮ್ಮನೆ ಬಿದ್ದಿರುವ ವಸ್ತುವಲ್ಲ. ಮಳೆಗಾಲದ ನೀರನ್ನು ಹೀರಿಟ್ಟುಕೊಂಡು ಬೇಸಗೆಯಲ್ಲಿ ಆಸುಪಾಸಿನ ಬಾವಿಗಳಿಗೆ ಉಣಿಸುವುದು ಅದೇ. ಆ ತಳವನ್ನು ಮಿತಿಮೀರಿ ಅಗೆದರೆ ನದಿ ಕೆಳಗಿಳಿಯುತ್ತದೆ, ಅದರೊಂದಿಗೆ ಬಾವಿಯ ನೀರೂ ಇಳಿಯುತ್ತದೆ. ಕರಾವಳಿಯಲ್ಲಂತೂ ಭರತದ ವೇಳೆ ಉಪ್ಪುನೀರು ಇನ್ನಷ್ಟು ಒಳಕ್ಕೆ ನುಗ್ಗುತ್ತದೆ. ದಂಡೆ ಕುಸಿದು ತೆಂಗು-ಕಂಗುಗಳು ಹೊಳೆಪಾಲಾಗುತ್ತವೆ. ಮೀನು ಮೊಟ್ಟೆಯಿಡುವ ಜಾಗ ಅಳಿಯುತ್ತದೆ, ಮರುವಾಯಿ ಹೆಕ್ಕಿ ಬದುಕುವ ಬಡವರ ಬುಟ್ಟಿ ಬರಿದಾಗುತ್ತದೆ. ಸೇತುವೆಯ ಕಂಬಗಳ ಬುಡವೂ ಬರಿದಾಗುತ್ತದೆ. 2018ರ ಜೂನ್‌ನಲ್ಲಿ ಬಂಟ್ವಾಳ ತಾಲೂಕಿನ ಮೂಲರಪಟ್ಣದಲ್ಲಿ ಫಲ್ಗುಣಿಯ ಮೇಲಿನ ಸೇತುವೆ ಕುಸಿಯಿತು. 2021ರ ಜೂನ್‌ನಲ್ಲಿ ಅದೇ ನದಿಯ ಮರವೂರು ಸೇತುವೆ ಕುಸಿದು, ಮಂಗಳೂರು ವಿಮಾನ ನಿಲ್ದಾಣದ ರಸ್ತೆ ಮುಚ್ಚಿತು. ಎರಡೂ ಸಂದರ್ಭಗಳಲ್ಲಿ ಜನರ ಬೆರಳು ಮರಳುಗಾರಿಕೆಯತ್ತ ತೋರಿತ್ತು.

ಹಾಗಾದರೆ ಕಾನೂನಿನ ಕೊರತೆಯಿದೆಯೇ? ಖಂಡಿತ ಇಲ್ಲ. ಐದು ಹೆಕ್ಟೇರ್‌ಗಿಂತ ಚಿಕ್ಕ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿತು. ಅನುಮತಿಯಿಲ್ಲದ ನದಿ ಮರಳುಗಾರಿಕೆಯನ್ನು ಹಸಿರು ನ್ಯಾಯಮಂಡಳಿ 2013ರಲ್ಲಿ ದೇಶದಾದ್ಯಂತ ನಿಷೇಧಿಸಿತು. ಕೇಂದ್ರ ಸರಕಾರ 2016ರಲ್ಲಿ ಮತ್ತು 2020ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿತು. ಮೂರು ಮೀಟರ್‌ಗಿಂತ ಆಳಕ್ಕೆ ಅಗೆಯಬಾರದು, ಮಳೆಗಾಲದಲ್ಲಿ ಕೈಹಾಕಬಾರದು, ಸೇತುವೆಯ ಸಮೀಪ ಸುಳಿಯಬಾರದು ಎಂಬುದೆಲ್ಲ ಅದರಲ್ಲಿದೆ. ಕರಾವಳಿ ನಿಯಂತ್ರಣ ವಲಯದಲ್ಲಿ ದೋಣಿ ಸಂಚಾರಕ್ಕೆ ಅಡ್ಡಿಯಾಗುವ ಮರಳು ದಿಬ್ಬಗಳನ್ನು ಸಾಂಪ್ರದಾಯಿಕ ಸಮುದಾಯದವರು ಕೈಯಿಂದಲೇ ತೆಗೆಯಬೇಕು, ಯಂತ್ರ ಬಳಸಬಾರದು ಎಂಬ ಷರತ್ತು 2011ರಿಂದಲೂ ಇದೆ. ಕಾನೂನು ಕಡತದಲ್ಲಿ ಮಲಗಿರುವಾಗ ಹೊಳೆಯಲ್ಲಿ ಹಿಟಾಚಿ ಎಚ್ಚರವಾಗಿರುತ್ತದೆ. ಸಮಸ್ಯೆ ಇರುವುದು ಇಲ್ಲಿಯೇ.

ದಾಳಿ ನಡೆದಾಗ ಸಿಕ್ಕಿಬೀಳುವವರು ಯಾರು? ಲಾರಿಯ ಚಾಲಕ ಮತ್ತು ದೋಣಿಯಲ್ಲಿದ್ದ ಕೂಲಿಕಾರ. ಧಕ್ಕೆಯ ಒಡೆಯ ಮತ್ತು ಅವನ ಬೆನ್ನಿಗೆ ನಿಂತ ಪ್ರಭಾವಿಗಳು ಮನೆಯಲ್ಲಿ ನಿಶ್ಚಿಂತೆಯಿಂದ ನಿದ್ರಿಸುತ್ತಾರೆ. ನಿಷೇಧ ಘೋಷಿಸಿ ಕೈತೊಳೆದುಕೊಳ್ಳುವುದೂ ಪರಿಹಾರವಲ್ಲ. ಮರಳಿನ ಅಭಾವವಾದಾಗ ಬೆಲೆ ಏರುತ್ತದೆ, ಕಳ್ಳದಂಧೆ ಇನ್ನಷ್ಟು ಲಾಭದಾಯಕವಾಗುತ್ತದೆ, ಗಾರೆ ಕೆಲಸದವನ ಮನೆಯ ಒಲೆ ಆರುತ್ತದೆ. ಎಂ-ಸ್ಯಾಂಡ್ ಬಳಕೆ ಹೆಚ್ಚಲಿ ಎಂಬುದು ಸರಿಯಾದ ಸಲಹೆಯೇ. ಆದರೆ ಅದಕ್ಕಾಗಿ ಪುಡಿಯಾಗುವ ಬಂಡೆಯೂ ಯಾವುದೋ ಊರಿನ ಗುಡ್ಡವೇ ಎಂಬುದನ್ನು ಮರೆಯುವಂತಿಲ್ಲ.

ನಮ್ಮ ದೃಷ್ಟಿಯಲ್ಲಿ ನಿಯಂತ್ರಣವೆಂಬುದು ಅರ್ಧ ಕೆಲಸ ಮಾತ್ರ. ಗಾಯಗೊಂಡ ನದಿಯನ್ನು ಮತ್ತೆ ಬದುಕಿಸುವುದು ಉಳಿದರ್ಧ. ಈ ಅರ್ಧದ ಬಗ್ಗೆ ನಮ್ಮ ಆಡಳಿತ ತುಟಿ ಬಿಚ್ಚುವುದಿಲ್ಲ. ಕೇರಳವು 2001ರಲ್ಲಿ ನದಿ ದಂಡೆ ಸಂರಕ್ಷಣೆ ಮತ್ತು ಮರಳು ನಿಯಂತ್ರಣಕ್ಕಾಗಿ ಪ್ರತ್ಯೇಕ ಕಾಯ್ದೆಯನ್ನೇ ತಂದು, ಮರಳಿನಿಂದ ಬಂದ ಹಣದ ಒಂದು ಪಾಲನ್ನು ನದಿಗಾಗಿಯೇ ಮೀಸಲಿಡುವ ನಿಧಿಯನ್ನು ಸ್ಥಾಪಿಸಿತು. ಗಣಿಗಾರಿಕೆಯಿಂದ ಬಾಧಿತರಾದವರ ಹಿತಕ್ಕೆಂದು 2015ರ ತಿದ್ದುಪಡಿಯ ಮೂಲಕ ಜಿಲ್ಲಾ ಖನಿಜ ಪ್ರತಿಷ್ಠಾನಗಳೂ ಹುಟ್ಟಿಕೊಂಡಿವೆ. ಹೊಳೆಯಿಂದ ಬಂದ ಹಣ ಹೊಳೆಗೇ ಮರಳುವುದು ನ್ಯಾಯವಲ್ಲವೇ? ಕುಸಿದ ದಂಡೆಗೆ ಬಿದಿರು, ಹೊನ್ನೆಗಳನ್ನು ನೆಟ್ಟು, ಅಳಿವೆಯ ಬದಿಯಲ್ಲಿ ಕಾಂಡ್ಲಾ ಬೆಳೆಸಿ, ಬರಿದಾದ ಭಾಗಗಳಿಗೆ ಕೆಲವು ಮಳೆಗಾಲಗಳ ವಿಶ್ರಾಂತಿ ನೀಡಿದರೆ ನದಿ ತನ್ನನ್ನು ತಾನೇ ಬಹುಮಟ್ಟಿಗೆ ಸರಿಪಡಿಸಿಕೊಳ್ಳುತ್ತದೆ. ಅದಕ್ಕೆ ಅವಕಾಶ ನೀಡುವ ಸಂಯಮ ಮಾತ್ರ ನಮಗೆ ಬೇಕಾಗಿದೆ.

ಪ್ರತಿ ವರ್ಷ ಮಳೆ ನಿಂತ ಮೇಲೆ ನದಿಯ ಮರುಪೂರಣವನ್ನು ಅಳೆದು, ಆ ವರದಿಯನ್ನು ಕನ್ನಡದಲ್ಲಿ ಗ್ರಾಮ ಪಂಚಾಯತ್‌ನ ಗೋಡೆಗೆ ಅಂಟಿಸಬೇಕು. ಎಷ್ಟು ತೆಗೆಯಲು ಅನುಮತಿಯಿದೆ, ಎಷ್ಟು ಲಾರಿ ಹೊರಟಿದೆ ಎಂಬುದನ್ನು ದಂಡೆಯ ನಿವಾಸಿಗಳು ಪ್ರಶ್ನಿಸುವಂತಾಗಬೇಕು. ಅವರಿಗಿಂತ ದೊಡ್ಡ ಕಾವಲುಗಾರರು ನದಿಗೆ ಇನ್ನಾರೂ ಇಲ್ಲ.

ಇನ್ನು, ಆಡಳಿತದತ್ತ ತೋರುವ ಬೆರಳನ್ನು ಒಮ್ಮೆ ನಮ್ಮತ್ತಲೂ ತಿರುಗಿಸೋಣ. ಮನೆಯಿರಲಿ, ಶಾಲೆಯಿರಲಿ, ಮಸೀದಿಯಿರಲಿ, ಕಟ್ಟಡ ಕಟ್ಟುವಾಗ ಅಂಗಳಕ್ಕೆ ಬಂದು ಬೀಳುವ ಮರಳು ಎಲ್ಲಿಯದೆಂದು ನಮ್ಮಲ್ಲೆಷ್ಟು ಮಂದಿ ವಿಚಾರಿಸುತ್ತೇವೆ? ನಡುರಾತ್ರಿ ಕಡಿಮೆ ದರಕ್ಕೆ ಒಂದು ಲೋಡು ಸಿಕ್ಕರೆ ಪರವಾನಿಗೆಯ ಚೀಟಿ ಕೇಳುವ ಧೈರ್ಯ ನಮಗಿದೆಯೇ? ಅಕ್ರಮ ಮರಳನ್ನು ಕೊಳ್ಳುವ ಕೈಗಳಿರುವವರೆಗೆ ಮಾರುವ ಕೈಗಳೂ ಇದ್ದೇ ಇರುತ್ತವೆ. ಆದ್ದರಿಂದ ಚೀಟಿಯಿಲ್ಲದ ಮರಳು ನಮ್ಮ ಕಟ್ಟಡಕ್ಕೆ ಬೇಡ ಎಂದು ಪ್ರತಿ ಮನೆಯವರೂ, ಪ್ರತಿ ಆಡಳಿತ ಸಮಿತಿಯೂ ಇಂದೇ ತೀರ್ಮಾನಿಸಲಿ. ಕಳ್ಳತನದ ಮರಳಿನಿಂದ ಎದ್ದ ಗೋಡೆ ಎಷ್ಟೇ ಗಟ್ಟಿಯಾಗಿರಲಿ, ಅದರ ಬೆಲೆಯನ್ನು ಹೊಳೆಯ ಬದಿಯ ಯಾವುದೋ ಬಡವನ ಬಾವಿ ತೆರುತ್ತಿರುತ್ತದೆ.