ಜಗ್ಗಿದರೆ ದಾರಿ ಸಾಗದು

ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಂಥ ಊರಿನಲ್ಲಿ ನಾಯಿಗೆ ಹಗ್ಗ ಹಾಕಿ ತಿರುಗಾಡಿಸುವುದು ಪೇಟೆಯವರ ಷೋಕಿ ಎನಿಸಬಹುದು. ಆದರೆ ಹಗಲಿಡೀ ಅಂಗಳದ ಕಂಬಕ್ಕೆ ಕಟ್ಟಿಸಿಕೊಂಡ ನಾಯಿಗೇ ತಿರುಗಾಟ ಹೆಚ್ಚು ಬೇಕು. ಸದಾ ಕಟ್ಟಿಹಾಕುವ ನಾಯಿಯನ್ನು ಅಡ್ಡಾಡಿಸದೆ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಂತೆ ಅಪರಾಧವೂ ಹೌದು. ಮೊದಲ ಸಲದ ದಂಡ ಮಾತ್ರ ಬರೀ 10ರಿಂದ 50 ರೂಪಾಯಿ!

ಕೊರಳಿಗೆ ಪಟ್ಟಿ ಬಿದ್ದ ದಿನವೇ ದರದರ ಎಳೆಯುವವರಿದ್ದಾರೆ. ಎಳೆದಷ್ಟೂ ನಾಯಿ ಕಾಲೂರಿ ಹಿಂದಕ್ಕೆ ಜಗ್ಗುತ್ತದೆ. ಮೊದಲ ಎರಡು ಮೂರು ದಿನ ಪಟ್ಟಿಯನ್ನಷ್ಟೇ ಕಟ್ಟಿ, ಊಟ ಹಾಕಿ, ಅದರ ಪಾಡಿಗೆ ಬಿಡಿ. ಆಮೇಲೆ ಹಗುರ ಹಗ್ಗ ಕಟ್ಟಿ ಅಂಗಳದಲ್ಲೇ ನಾಲ್ಕು ಹೆಜ್ಜೆ ನಡೆಸಿ. ಪಕ್ಕಕ್ಕೆ ಬಂದಾಗಲೆಲ್ಲ ಒಂದು ಚೂರು ರೊಟ್ಟಿ ಕೊಡಿ. ಮುಂದೆ ನುಗ್ಗಿ ಹಗ್ಗ ಬಿಗಿಯಾಯಿತೋ, ಸುಮ್ಮನೆ ನಿಂತುಬಿಡಿ. ಬೈಯುವುದು ಬೇಡ. ಅದು ತಿರುಗಿ ನೋಡಿ ಹಗ್ಗ ಸಡಿಲಾದ ಮೇಲೆಯೇ ಹೊರಡಿ. ಜಗ್ಗಿದರೆ ದಾರಿ ಸಾಗದೆಂಬುದು ಅದಕ್ಕೆ ನಿಧಾನವಾಗಿ ತಿಳಿಯುತ್ತದೆ. ಮುಳ್ಳುಪಟ್ಟಿ, ಉರುಲಿನಂತೆ ಬಿಗಿಯುವ ಸರಪಳಿಗಳು ಕಲಿಸುವುದು ಹೆದರಿಕೆಯನ್ನು. ಹೆದರಿದ ನಾಯಿ ಕಚ್ಚಲೂಬಹುದು.

ಮುಧೋಳ ನಾಯಿಗೆ ಕೊರಳು ಉದ್ದ, ತಲೆ ಸಣ್ಣದು. ಸಾಧಾರಣ ಪಟ್ಟಿ ಜಾರಿಬಿಡುತ್ತದೆ. ಅಗಲವಾದ ಪಟ್ಟಿ ಅಥವಾ ಎದೆಪಟ್ಟಿ ಲೇಸು. ಮೊಲ ಕಂಡರೆ ನುಗ್ಗುವುದು ಅದರ ಹುಟ್ಟುಗುಣ, ಹಟವಲ್ಲ. ಬೇಟೆಗೆಂದೇ ಬೆಳೆಸಿದ ಈ ತಳಿಯ ಮರಿಗಳನ್ನು 2016ರಲ್ಲಿ ಸೇನೆಯವರು ಮೀರತ್‌ಗೆ ತರಬೇತಿಗೆ ಒಯ್ದರು. ಕಲಿಯದ ಜಾತಿಯೇನಲ್ಲ.

ರಾಯಚೂರಿನ ಬೇಸಿಗೆಯಲ್ಲಿ ಹೊತ್ತು ಮೂಡುವ ಮೊದಲೇ ಹೊರಡಬೇಕು. ಹೊತ್ತೇರಿದ್ದರೆ ಡಾಂಬರಿಗೆ ಅಂಗೈ ಒತ್ತಿ ನೋಡಿ. ನಿಮಗೆ ತಾಳದಿದ್ದರೆ ನಾಯಿಯ ಪಾದಕ್ಕೂ ತಾಳದು.