ಹುಣ್ಣಿನ ರಕ್ತ ನಿಲ್ಲಿಸುವುದೂ ಚಿಕಿತ್ಸೆಯೇ

ಕೈಮೀರಿದ ಕ್ಯಾನ್ಸರ್ ರೋಗಿಯನ್ನು ಮನೆಗೆ ಕಳಿಸುವಾಗ ಆಸ್ಪತ್ರೆಗಳಲ್ಲಿ ಕೇಳಿಬರುವ ಮಾತು: ‘ಇನ್ನೇನೂ ಮಾಡೋಕಾಗಲ್ಲ.’ ಗಡ್ಡೆಯ ಮಟ್ಟಿಗೆ ಅದು ನಿಜವಿದ್ದೀತು. ರೋಗಿಯ ಮಟ್ಟಿಗೆ ಆ ಮಾತನ್ನು ನಾನು ಒಪ್ಪಲಾರೆ. ಚರ್ಮ ಒಡೆದು ಹೊರಬಂದ ಸ್ತನದ ಗಡ್ಡೆಯಿಂದ, ಬಾಯಿ ಕ್ಯಾನ್ಸರಿನಿಂದ ತೂತಾದ ಕೆನ್ನೆಯಿಂದ ರಕ್ತ ಜಿನುಗತೊಡಗಿದರೆ ಇಡೀ ಮನೆ ನಡುಗುತ್ತದೆ. ಆ ರಕ್ತವನ್ನು ತಡೆಯುವ ದಾರಿಗಳಿವೆ, ಹಲವು ಅಗ್ಗವೂ ಹೌದು.

ಗಡ್ಡೆಯಲ್ಲಿ ಹೊಸದಾಗಿ ಬೆಳೆದ ರಕ್ತನಾಳಗಳು ಬಲು ದುರ್ಬಲ. ಒಣಗಿ ಅಂಟಿಕೊಂಡ ಗಾಜ್ ಬಟ್ಟೆಯನ್ನು ಕಿತ್ತರೆ ಸಾಕು, ಒಡೆಯುತ್ತವೆ. ಸಲೈನ್ ಸುರಿದು ನೆನೆಸಿ ಬಿಡಿಸಿದರೆ, ಅಂಟದ ಡ್ರೆಸ್ಸಿಂಗ್ ಹಾಕಿದರೆ ಎಷ್ಟೋ ರಕ್ತಸ್ರಾವ ಶುರುವಾಗುವುದೇ ಇಲ್ಲ. ಆದರೂ ಬಂದರೆ, ಗಾಜ್ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿಹಿಡಿಯಬೇಕು. ಆ ಬಟ್ಟೆಯನ್ನು ಟ್ರಾನೆಕ್ಸಾಮಿಕ್ ಆಸಿಡ್‌ನಲ್ಲಿ ನೆನೆಸಿರಬಹುದು.

ಈ ಮದ್ದಿನ ಕತೆಯನ್ನು ಹೇಳಲೇಬೇಕು. ಹೆರಿಗೆಯ ನಂತರ ರಕ್ತ ಹೋಗಿ ಸಾಯುವ ತಾಯಂದಿರನ್ನು ಉಳಿಸಬೇಕೆಂದು ಜಪಾನಿನ ವಿಜ್ಞಾನಿ ಉಟಾಕೊ ಒಕಾಮೊಟೊ ಗಂಡನ ಜೊತೆ ದುಡಿದು 1962ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಹೆಪ್ಪುಗಟ್ಟಿದ ರಕ್ತ ಕರಗಿಹೋಗದಂತೆ ಇದು ಕಾಯುತ್ತದೆ. ಮುಟ್ಟಿನ ಅತಿಸ್ರಾವಕ್ಕೆ ನಮ್ಮ ಹೆಣ್ಣುಮಕ್ಕಳು ನುಂಗುವ ಮಾತ್ರೆಯೂ ಇದೇ. ಇದಲ್ಲದೆ, ಹೊಟ್ಟೆಹುಣ್ಣಿಗೆ ಕೊಡುವ ಸುಕ್ರಾಲ್ಫೇಟನ್ನು ರಕ್ತ ಜಿನುಗುವ ಜಾಗಕ್ಕೆ ಲೇಪವಾಗಿ ಹಚ್ಚುವುದುಂಟು. ಕಡಲಪಾಚಿಯಿಂದ ಮಾಡಿದ ಆಲ್ಜಿನೇಟ್ ಪಟ್ಟಿಯೂ ನೆರವಾಗುತ್ತದೆ. ರಕ್ತನಾಳ ಕುಗ್ಗಿಸುವ ಅಡ್ರಿನಾಲಿನ್ ಮಾತ್ರ ನುರಿತ ಕೈಗಳಲ್ಲೇ ಇರಲಿ. ಅದರ ಪರಿಣಾಮ ಇಳಿದ ಮೇಲೆ ರಕ್ತ ಮತ್ತೆ ಬರಬಹುದು. ಕಾಫಿಪುಡಿ, ಅರಿಸಿನ ಮೆತ್ತಿ ಎನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ.

‘ಇವಕ್ಕೆಲ್ಲ ಗಟ್ಟಿ ಪುರಾವೆ ಎಲ್ಲಿದೆ?’ ಎಂದು ಕೇಳುವ ವೈದ್ಯರಿದ್ದಾರೆ. ನ್ಯಾಯವಾದ ಪ್ರಶ್ನೆ. ಇರುವುದು ಬಹುಪಾಲು ಬಿಡಿಬಿಡಿ ರೋಗಿಗಳ ವರದಿಗಳು. ಯಾವ ಮದ್ದು ಯಾವುದಕ್ಕಿಂತ ಮೇಲೆಂದು ತೂಗಿ ಹೇಳುವಷ್ಟು ಅಧ್ಯಯನ ನಡೆದಿಲ್ಲ. ಕತ್ತಿನ ದೊಡ್ಡ ರಕ್ತನಾಳವೇ ಒಡೆದರೆ ಈ ಯಾವುದೂ ನಿಲ್ಲಿಸಲಾರದು ಎಂಬುದೂ ಸತ್ಯ. ಆಗ ಬೇಕಾದದ್ದು ರಕ್ತ ಎದ್ದು ಕಾಣದ ಕಡುಬಣ್ಣದ ಟವೆಲ್, ಆತಂಕ ತಗ್ಗಿಸುವ ಇಂಜೆಕ್ಷನ್, ಪಕ್ಕದಲ್ಲಿ ಕೂರುವ ಒಬ್ಬರು. ಆದರೆ ಪುರಾವೆ ಸಾಲದು ಎಂಬ ಕಾರಣಕ್ಕೆ ರೋಗಿಯ ಮನೆಯವರನ್ನು ಬರಿಗೈಯಲ್ಲಿ ಕಳಿಸುವುದು ಯಾವ ವಿಜ್ಞಾನ? ಜಿನುಗುವ ರಕ್ತಕ್ಕೆ ಇಷ್ಟನ್ನಾದರೂ ಮಾಡಿ, ಆದದ್ದನ್ನು ಬರೆದಿಡಬೇಕು. ಪುರಾವೆ ಹುಟ್ಟುವುದೂ ಹಾಗೆಯೇ.

ಬೆಂಗಳೂರಿನ ಕರುಣಾಶ್ರಯದಂಥ ಉಪಶಮನ ಆರೈಕೆ ಕೇಂದ್ರಗಳಲ್ಲಿ ಇಂಥ ಆರೈಕೆ ಹಣವಿಲ್ಲದೆ ಸಿಗುತ್ತದೆ. ಉಳಿದೆಡೆ ನೀವೇ ಕೇಳಿ ಪಡೆಯಬೇಕು. ಡಿಸ್ಚಾರ್ಜ್ ಚೀಟಿ ಕೈಗೆ ಬಂದಾಗ ‘ರಕ್ತ ಬಂದರೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು’ ಎಂದು ಕೇಳಿ, ಡ್ರೆಸ್ಸಿಂಗ್ ಹಾಕುವುದನ್ನು ನರ್ಸಿನಿಂದ ಕಲಿತೇ ಹೊರಡಿ.